ಪಾಶ್ಚರನ ಎಡಗೈ

ಮನುಷ್ಯನ ದೇಹಕ್ಕೆ ಬರುವ ಬೇನೆಗಳಲ್ಲಿ ಕೆಲವು ಮೆಲ್ಲಮೆಲ್ಲನೆ ಬರುತ್ತವೆ; ಕೆಲವು ಸಿಡಿಲಿನಂತೆ ಬಂದು ಎರಗುತ್ತವೆ. ಪಾರ್ಶ್ವವಾಯು ಎರಡನೆಯ ಬಗೆಯದು. ಹಂದನಕೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಜನರು ಇದನ್ನು ಲಕ್ವ ಎಂದು ಕರೆಯುತ್ತಾರೆ. ನಿನ್ನೆಯವರೆಗೆ ತೋಟದಲ್ಲಿ ಪಾತಿ ಮಾಡಿ, ಕಾಯಿ ಸುಲಿದು, ಅಟ್ಟಕ್ಕೆ ಏರಿಸುತ್ತಿದ್ದ ಗಟ್ಟಿಮುಟ್ಟಾದ ಆಳು ಇಂದು ಬೆಳಗಾಗುವಷ್ಟರಲ್ಲಿ ಹಾಸಿಗೆಯಿಂದ ಏಳಲಾರದವನಾಗುತ್ತಾನೆ. ಕೈ ಇದೆ, ಕಾಲು ಇದೆ, ಗಾಯವಿಲ್ಲ, ಮುರಿತವಿಲ್ಲ, ಆದರೂ ಅವು ಮನಸ್ಸಿನ ಮಾತನ್ನು ಕೇಳುವುದಿಲ್ಲ. ಕೆಲವು ದಿನ ನೆಂಟರಿಷ್ಟರು ಬಂದು ನೋಡಿ ಹೋಗುತ್ತಾರೆ. ಆಮೇಲೆ ಮಂಚ ಪಡಸಾಲೆಯ ಮೂಲೆಗೆ ಸರಿಯುತ್ತದೆ. ತೋಟದ ಲೆಕ್ಕಪತ್ರ ಮತ್ತೊಬ್ಬರ ಕೈಗೆ ಹೋಗುತ್ತದೆ. ಮನೆಯ ಮಾತುಕತೆಯಲ್ಲಿ ಆತನನ್ನು ಕೇಳುವವರು ಇಲ್ಲವಾಗುತ್ತಾರೆ. ಬಾಯಿಬಿಟ್ಟು ಆಡದಿದ್ದರೂ, ಇನ್ನು ಇವನ ಬಾಳು ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ.

ಹೀಗೆ ಮುಗಿದುಹೋದವನೆಂದು ಒಮ್ಮೆ ಎಣಿಸಲ್ಪಟ್ಟ ಒಬ್ಬ ಮಹಾಪುರುಷನ ಕಥೆ ಇದು. ಆತನು ನಮ್ಮ ನಾಡಿನವನಲ್ಲ. ಆದರೆ ರೇಷ್ಮೆ ಹುಳು ಸಾಕುವ ರೈತನೂ, ಡೈರಿಯ ಹಾಲನ್ನು ಕೊಳ್ಳುವ ಗೃಹಿಣಿಯೂ, ಹುಚ್ಚುನಾಯಿ ಕಡಿದಾಗ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಓಡುವ ಹಳ್ಳಿಗನೂ ಆತನಿಗೆ ಋಣಿಗಳು. ಆತನೇ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ಆತನು ರೋಗಗಳಿಗೆ ಲಸಿಕೆ ಕಂಡುಹಿಡಿದನೆಂಬುದನ್ನು ಎಲ್ಲರೂ ಬಲ್ಲರು. ಆ ಲಸಿಕೆಗಳನ್ನೆಲ್ಲ ಕಂಡುಹಿಡಿದದ್ದು ಅರ್ಧ ದೇಹ ಸೋತ ಮೇಲೆ ಎಂಬುದನ್ನು ಬಲ್ಲವರು ಕಡಿಮೆ.

ಪಾಶ್ಚರನು 1822ರ ಡಿಸೆಂಬರ್ 27ರಂದು ಡೋಲ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ತೊಗಲು ಹದಮಾಡುವ ಕಸುಬಿನವನು. ಒಂದು ಕಾಲದಲ್ಲಿ ನೆಪೋಲಿಯನ್ನನ ಸೈನ್ಯದಲ್ಲಿ ದುಡಿದವನು. ಹುಡುಗನ ಬಾಲ್ಯವು ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ ಕಳೆಯಿತು. ಶಾಲೆಯಲ್ಲಿ ಆತನು ಮೊದಮೊದಲು ಅಂಥ ಹೆಸರನ್ನೇನೂ ಗಳಿಸಲಿಲ್ಲ. ಆದರೆ ಚಿತ್ರ ಬರೆಯುವುದರಲ್ಲಿ ಆತನ ಕಣ್ಣೂ ಕೈಯೂ ಬಲು ಚುರುಕು. ಹದಿಹರೆಯದಲ್ಲಿ ಆತನು ಬರೆದ ತಾಯಿತಂದೆಯರ ಬಣ್ಣದ ಚಿತ್ರಗಳು ಇಂದಿಗೂ ಉಳಿದಿವೆ.

ಈ ಕಣ್ಣು, ಈ ಕೈ ಮುಂದೆ ವಿಜ್ಞಾನಕ್ಕೆ ದುಡಿದವು. 1848ರಲ್ಲಿ ಆತನು ಒಂದು ಆಮ್ಲದ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಅವುಗಳಲ್ಲಿ ಎರಡು ಬಗೆ ಇರುವುದನ್ನು ಗುರುತಿಸಿದನು. ನಮ್ಮ ಎಡಗೈಯೂ ಬಲಗೈಯೂ ಒಂದೇ ತೆರನಾಗಿ ಕಂಡರೂ ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲವಷ್ಟೆ. ಆ ಹರಳುಗಳೂ ಹಾಗೆಯೇ ಇದ್ದವು. ಒಂದು ಬಗೆಯದು ಇನ್ನೊಂದರ ಕನ್ನಡಿಯ ಬಿಂಬದಂತೆ. ಪಾಶ್ಚರನು ಅವನ್ನು ಒಂದೊಂದಾಗಿ ಹೆಕ್ಕಿ ಎರಡು ರಾಶಿ ಮಾಡಿದನು. ತಾಳ್ಮೆಯೂ ಬೆರಳುಗಳ ಹದವೂ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಮರುವರ್ಷ ಆತನು ಮರಿ ಲೋರಾನ್ ಎಂಬಾಕೆಯನ್ನು ಮದುವೆಯಾದನು. ಆಕೆ ಗಂಡನ ಸಂಸಾರವನ್ನಷ್ಟೇ ಅಲ್ಲ, ಆತನ ಸಂಶೋಧನೆಯನ್ನೂ ಹೊತ್ತು ನಡೆದ ಸಾಧ್ವಿ.

ಅನಂತರದ ವರ್ಷಗಳಲ್ಲಿ ಪಾಶ್ಚರನು ಹುಳಿಯುವಿಕೆ ಮತ್ತು ಕೊಳೆಯುವಿಕೆಗಳಿಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದನು. ದ್ರವವನ್ನು ಹದವಾಗಿ ಕಾಯಿಸಿ ಕೆಡದಂತೆ ಇಡುವ ವಿಧಾನ ಆತನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕೀರ್ತಿ ಬೆಳೆಯುತ್ತಿದ್ದಂತೆ ದುಃಖವೂ ಮನೆಯನ್ನು ಹೊಕ್ಕಿತು. 1859ರಲ್ಲಿ ಒಬ್ಬಳು, 1865ರಲ್ಲಿ ಒಬ್ಬಳು, 1866ರಲ್ಲಿ ಮತ್ತೊಬ್ಬಳು, ಹೀಗೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು.

ಇದೇ ಕಾಲಕ್ಕೆ ಆತನ ಹೆಗಲ ಮೇಲೆ ಹೊಸ ಹೊರೆಯೊಂದು ಬಿದ್ದಿತು. ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಬೀದಿಪಾಲಾಗುತ್ತಿದ್ದರು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳೆದ್ದು, ಅವು ಗೂಡು ಕಟ್ಟದೆಯೇ ಸಾಯುತ್ತಿದ್ದವು. ನಮ್ಮ ರೈತರು ಗಂಟುರೋಗ ಎನ್ನುವ ಪೆಬ್ರಿನ್ ರೋಗವೇ ಅದು. 1865ರಲ್ಲಿ ಸರ್ಕಾರದ ಕೋರಿಕೆಯಂತೆ ಪಾಶ್ಚರನು ಆಲೆಸ್ ಎಂಬ ಊರಿಗೆ ಹೋದನು. ಅದುವರೆಗೆ ಆತನು ರೇಷ್ಮೆ ಹುಳುವನ್ನು ಕೈಯಿಂದ ಮುಟ್ಟಿದವನೂ ಅಲ್ಲ. ಮೂರು ವರ್ಷ ಹುಳುಮನೆಗಳಲ್ಲಿ ಕುಳಿತು ಆತನು ಒಂದು ಉಪಾಯವನ್ನು ಕಂಡುಕೊಂಡನು. ಪ್ರತಿಯೊಂದು ತಾಯಿ ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆ ಇಡಬೇಕು. ಮೊಟ್ಟೆ ಇಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು, ಅದರ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ಮಾತ್ರ ಬಿತ್ತನೆಗೆ ಇಟ್ಟುಕೊಳ್ಳಬೇಕು. ಉಪಾಯ ಸರಳವಾಗಿತ್ತು, ಜನರು ನಂಬುವುದು ಮಾತ್ರ ಬಾಕಿಯಿತ್ತು. ಅಷ್ಟರಲ್ಲಿ ಆ ದಿನ ಬಂದಿತು.

1868ರ ಅಕ್ಟೋಬರ್ 19, ಸೋಮವಾರ. ಬೆಳಗ್ಗೆಯೇ ಪಾಶ್ಚರನಿಗೆ ಎಡಮೈಯಲ್ಲಿ ಏನೋ ಜುಮುಗುಟ್ಟಿದಂತಾಯಿತು. ಮಧ್ಯಾಹ್ನ ಮೈ ನಡುಗಿತು. ಆದರೆ ಅಂದು ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಇಟಲಿಯ ರೇಷ್ಮೆ ಸಾಕಣೆಗಾರನೊಬ್ಬನ ಪ್ರಬಂಧವನ್ನು ಓದಿಹೇಳುವುದಾಗಿ ಆತನು ಒಪ್ಪಿಕೊಂಡಿದ್ದನು. ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಆಕೆ ಏನೋ ನೆವ ಹೇಳಿಕೊಂಡು ಸಭಾಭವನದ ಬಾಗಿಲವರೆಗೂ ಜೊತೆಗೆ ಹೋದಳು. ಗಂಡನನ್ನು ಮನೆಗೆ ಕರೆತರಬೇಕೆಂದು ಅಲ್ಲಿದ್ದ ಮಿತ್ರನನ್ನು ಬೇಡಿಕೊಂಡಳು. ಪಾಶ್ಚರನು ಎಂದಿನ ದನಿಯಲ್ಲಿಯೇ ಪ್ರಬಂಧವನ್ನು ಓದಿದನು. ಮಿತ್ರರೊಡನೆ ನಡೆದುಕೊಂಡೇ ಮನೆಗೆ ಬಂದನು. ಸ್ವಲ್ಪ ಊಟ ಮಾಡಿ ಒಂಬತ್ತು ಗಂಟೆಗೆ ಮಲಗಿದನು. ಮಲಗುತ್ತಿದ್ದಂತೆಯೇ ರೋಗ ಎರಗಿತು. ಕೂಗಿ ಕರೆಯಬೇಕೆಂದರೆ ನಾಲಗೆ ಹೊರಳಲಿಲ್ಲ. ಕೆಲವು ಕ್ಷಣಗಳ ಮೇಲೆ ದನಿ ಬಂದಿತು, ಮತ್ತೆ ಹೋಯಿತು. ಮರುದಿನದ ವೇಳೆಗೆ ಎಡಗೈ ಎಡಗಾಲುಗಳು ಪೂರ್ತಿಯಾಗಿ ಸೋತಿದ್ದವು. ಆಗ ಆತನ ವಯಸ್ಸು ನಲವತ್ತೈದು.

ಆ ರಾತ್ರಿ ಆತನ ತಲೆಯೊಳಗೆ ನಡೆದುದೇನು? ಸೋತದ್ದು ಎಡಮೈಯಾದರೂ ಪೆಟ್ಟು ಬಿದ್ದದ್ದು ಮೆದುಳಿನ ಬಲಭಾಗಕ್ಕೆ. ಮೆದುಳಿನ ಬಲಗೋಳವು ದೇಹದ ಎಡಭಾಗವನ್ನೂ, ಎಡಗೋಳವು ಬಲಭಾಗವನ್ನೂ ಆಳುತ್ತವೆ. ಚಲನೆಯ ಅಪ್ಪಣೆಯನ್ನು ಹೊತ್ತು ಕೆಳಗಿಳಿಯುವ ನರತಂತುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು, ಕತ್ತಿನ ಮೇಲ್ಭಾಗದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಕೊಂಡು ಬೆನ್ನುಹುರಿಯನ್ನು ಸೇರುತ್ತವೆ. ಇನ್ನು ಮೆದುಳಿಗೆ ಆಹಾರವೂ ಪ್ರಾಣವಾಯುವೂ ದೊರೆಯುವುದು ರಕ್ತದಿಂದ. ತೋಟಕ್ಕೆ ನೀರು ಹಾಯಿಸುವ ಕಾಲುವೆ ಒಂದೆಡೆ ಕಟ್ಟಿಕೊಂಡರೆ ಅದರಾಚೆಯ ಪಾತಿಗಳೆಲ್ಲ ಒಣಗುವುವು. ಏರಿ ಒಡೆದರೂ ಅದೇ ಗತಿ. ಮೆದುಳಿನ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಂಡರೆ ಅಥವಾ ಒಡೆದರೆ ಅದನ್ನು ನಂಬಿದ ನರಕೋಶಗಳು ಸಾಯತೊಡಗುತ್ತವೆ. ತೆಂಗಿನ ಮರವಾದರೆ ತಿಂಗಳುಗಟ್ಟಲೆ ಬಾಯಾರಿಕೆಯನ್ನು ತಾಳೀತು. ನರಕೋಶವು ಕೆಲವು ನಿಮಿಷಗಳನ್ನೂ ತಾಳಲಾರದು. ದೊಡ್ಡ ನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಹೀಗೆ ಸತ್ತ ನರಕೋಶಗಳು ಮತ್ತೆ ಹುಟ್ಟಿಬರುವುದಿಲ್ಲ.

ಆ ಕಾಲದ ವೈದ್ಯರ ಬಳಿ ಇದಕ್ಕೆ ಔಷಧವಿರಲಿಲ್ಲ. ಬಂದ ವೈದ್ಯರು ಕಿವಿಯ ಹಿಂದೆ ಹದಿನಾರು ಜಿಗಣೆಗಳನ್ನು ಹಚ್ಚಿ ರಕ್ತ ತೆಗೆಸಿದರು. ಸಾವಿನ ಸುದ್ದಿಯನ್ನು ಕೇಳಲು ಪ್ಯಾರಿಸ್ ಸಿದ್ಧವಾಯಿತು. ಅಷ್ಟರಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಪಾಶ್ಚರನಿಗಾಗಿ ಸರ್ಕಾರವು ಹೊಸ ಪ್ರಯೋಗಾಲಯವೊಂದನ್ನು ಕಟ್ಟಿಸಲು ತೊಡಗಿತ್ತು. ಆತನು ಹಾಸಿಗೆ ಹಿಡಿಯುತ್ತಲೇ ಗಾರೆಯವರೂ ಕಲ್ಲುಕುಟಿಗರೂ ಬರುವುದು ನಿಂತುಹೋಯಿತು. ಸಾಯುವವನಿಗೆ ಪ್ರಯೋಗಾಲಯವೇಕೆಂದು ಅಧಿಕಾರಿಗಳು ಕೆಲಸವನ್ನು ನಿಲ್ಲಿಸಿದ್ದರು. ಉಸಿರಾಡುತ್ತಿದ್ದವನನ್ನು ಕಾಗದದ ಮೇಲೆ ಆಗಲೇ ಸಾಯಿಸಿಬಿಟ್ಟಿದ್ದರು. ಇದನ್ನು ತಿಳಿದು ಪಾಶ್ಚರನಿಗೆ ರೋಗಕ್ಕಿಂತ ಹೆಚ್ಚಿನ ನೋವಾಯಿತು. ಹಿತೈಷಿಯಾದ ಸೇನಾನಿಯೊಬ್ಬನು ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಿವಿಗೆ ಈ ವಿಷಯವನ್ನು ಹಾಕಿದನು. ಆ ಬಳಿಕ ಕೆಲಸ ಮತ್ತೆ ಮೊದಲಾಯಿತು.

ಆದರೆ ಹಾಸಿಗೆಯ ಮೇಲಿದ್ದವನು ಆ ಅಪ್ಪಣೆಗಾಗಿ ಕಾಯುತ್ತ ಕುಳಿತಿರಲಿಲ್ಲ. ಕೈಕಾಲು ಸೋತಿದ್ದರೂ ಬುದ್ಧಿ ತಿಳಿಯಾಗಿತ್ತು. ರೋಗ ಬಡಿದು ಒಂದು ವಾರ ತುಂಬುವ ಮೊದಲೇ ಆತನು ಶಿಷ್ಯ ಝೆರ್ನೆಯನ್ನು ಬಳಿಯಲ್ಲಿ ಕೂರಿಸಿಕೊಂಡು, ರೇಷ್ಮೆ ಹುಳುವಿನ ರೋಗವನ್ನು ಗುರುತಿಸುವ ಬಗೆಯನ್ನು ಕುರಿತ ಲೇಖನವೊಂದನ್ನು ಹೇಳಿ ಬರೆಯಿಸಿದನು. ಇದು ಹೇಗೆ ಸಾಧ್ಯವಾಯಿತು? ಅದೇ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯನು 1861ರಿಂದ 1865ರ ವರೆಗೆ ರೋಗಿಗಳನ್ನು ಪರೀಕ್ಷಿಸಿ, ಭಾಷೆಯ ನೆಲೆ ಬಹುಪಾಲು ಜನರಲ್ಲಿ ಮೆದುಳಿನ ಎಡಗೋಳದಲ್ಲಿದೆ ಎಂದು ತೋರಿಸಿದ್ದನು. ಪಾಶ್ಚರನಿಗೆ ಪೆಟ್ಟಾದದ್ದು ಬಲಗೋಳದಲ್ಲಿ. ನಾಲಗೆಯ ಸ್ನಾಯುಗಳು ಕೆಲಕಾಲ ತೊದಲಿದರೂ ಪದಗಳ ಭಂಡಾರ ಹಾಳಾಗಿರಲಿಲ್ಲ. ಪಾರ್ಶ್ವವಾಯು ಬಡಿದವನನ್ನು ಬುದ್ಧಿ ಕೆಟ್ಟವನೆಂದು ಬಗೆಯುವುದು ದೊಡ್ಡ ತಪ್ಪು. ಮಾತು ಹೊರಡದವರಲ್ಲಿಯೂ ಎಷ್ಟೋ ವೇಳೆ ಒಳಗಿನ ತಿಳಿವು ಎಚ್ಚರವಾಗಿಯೇ ಇರುತ್ತದೆ.

ದಿನಗಳು ವಾರಗಳಾದವು. ಮೊದಲು ಹಾಸಿಗೆಯಲ್ಲಿ ಎದ್ದು ಕೂರುವುದು, ಆಮೇಲೆ ಹಿಡಿದುಕೊಂಡು ನಿಲ್ಲುವುದು, ಆಮೇಲೆ ಒಂದೆರಡು ಹೆಜ್ಜೆ. ಮೂರು ತಿಂಗಳಾಗುತ್ತಲೇ, 1869ರ ಜನವರಿಯಲ್ಲಿ, ಪಾಶ್ಚರನು ಹಟ ಹಿಡಿದು ದಕ್ಷಿಣಕ್ಕೆ ಹೊರಟನು. ಹುಳು ಸಾಕುವ ಋತು ಹತ್ತಿರವಾಗುತ್ತಿತ್ತು. ಆ ವರ್ಷದ ಪ್ರಯೋಗ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಾಗಿತ್ತು. ಆಲೆಸ್‌ಗೆ ಸಮೀಪದ ಸೇಂತ್ ಇಪೊಲಿತ್ ಎಂಬಲ್ಲಿ ಒಂದು ಚಳಿಮನೆ ದೊರೆಯಿತು. ಅಲ್ಲಿ ಒಂದು ದಿನ ಆಯತಪ್ಪಿ ಕಲ್ಲುನೆಲದ ಮೇಲೆ ಬಿದ್ದು ಪೆಟ್ಟು ಮಾಡಿಕೊಂಡನು. ಆದರೂ ನಡೆಯುವುದನ್ನು ಬಿಡಲಿಲ್ಲ. ಹುಳುಮನೆಯಲ್ಲಿ ಏನಾಗುತ್ತಿದೆಯೆಂದು ಕಣ್ಣಾರೆ ಕಾಣಬೇಕೆಂಬ ತವಕವು ಆತನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಹೆಂಡತಿ, ಮಗಳು, ಶಿಷ್ಯರು ಆತನ ಕೈಕಾಲುಗಳಾಗಿ ನಿಂತರು.

ಅದೇ ವರ್ಷ ಲಿಯೋನ್ ನಗರದ ರೇಷ್ಮೆ ಮಂಡಲಿಯು ಪಾಶ್ಚರನ ವಿಧಾನವನ್ನು ಇನ್ನೂ ಶಂಕಿಸುತ್ತಿತ್ತು. ಪಾಶ್ಚರನು ನಾಲ್ಕು ಪಾಲು ಮೊಟ್ಟೆಗಳನ್ನು ಅವರಿಗೆ ಕಳಿಸಿಕೊಟ್ಟನು. ಒಂದು ಪಾಲು ಆರೋಗ್ಯವಾಗಿ ಬೆಳೆಯುವುದೆಂದೂ, ಒಂದು ಗಂಟುರೋಗದಿಂದ ಸಾಯುವುದೆಂದೂ, ಒಂದು ಸಪ್ಪೆರೋಗದಿಂದ ಸಾಯುವುದೆಂದೂ, ಕೊನೆಯದು ಎರಡೂ ರೋಗಗಳಿಂದ ಸಾಯುವುದೆಂದೂ ಮೊದಲೇ ಬರೆದು ತಿಳಿಸಿದನು. ಎಲ್ಲವೂ ಆತನು ಬರೆದಂತೆಯೇ ಆಯಿತು. ಹಾಸಿಗೆಯಿಂದ ಎದ್ದು ಇನ್ನೂ ಸರಿಯಾಗಿ ನಡೆಯಲಾರದವನು ಹುಳುಗಳ ಹಣೆಬರಹವನ್ನು ಓದಿ ಹೇಳಿದ್ದನು. ಆ ಚಳಿಗಾಲವನ್ನೂ ಮುಂದಿನ ವಸಂತವನ್ನೂ ಆತನು ಟ್ರಿಯೆಸ್ಟ್ ಬಳಿಯ ಒಂದು ತೋಟದ ಮನೆಯಲ್ಲಿ ಕಳೆದನು. ಅಲ್ಲಿಯ ಹುಳುಸಾಕಣೆ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಲಾಭ ತಂದಿತು. ಅಲ್ಲಿಯೇ ಹೆಂಡತಿಗೆ ಹೇಳಿ ಬರೆಯಿಸಿದ ರೇಷ್ಮೆ ಹುಳುವಿನ ರೋಗದ ಗ್ರಂಥವು 1870ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವೆಂದ ಮೇಲೆ ಸೋತ ಕಾಲು ನಡೆದದ್ದು ಹೇಗೆ? ಪಾಶ್ಚರನ ಮೆದುಳಿನೊಳಗನ್ನು ಆತನ ಜೀವಿತಕಾಲದಲ್ಲಿ ಇಣುಕಿ ನೋಡಿದವರು ಯಾರೂ ಇಲ್ಲ. ಕ್ಷಕಿರಣದ ಶೋಧವಾದದ್ದು ಆತನು ತೀರಿಕೊಂಡ ವರ್ಷ, ತೀರಿಕೊಂಡ ಮೇಲೆ. ಮೆದುಳಿನ ಚಿತ್ರ ತೆಗೆಯುವ ಸ್ಕ್ಯಾನ್ ಯಂತ್ರವು ರೋಗಿಗಳ ಮೇಲೆ ಮೊದಲು ಬಳಕೆಯಾದದ್ದು 1971ರಲ್ಲಿ. ಆದರೂ ಈಚಿನ ಸಂಶೋಧನೆಯ ಬೆಳಕಿನಲ್ಲಿ ನಾವು ಈ ಪ್ರಶ್ನೆಗೆ ಉತ್ತರವನ್ನು ಕಾಣಬಹುದು.

ರೋಗ ಬಡಿದಾಗ ಮೆದುಳಿನ ಆ ಭಾಗವೆಲ್ಲ ಒಮ್ಮೆಗೇ ಸಾಯುವುದಿಲ್ಲ. ನಡುವಣ ಭಾಗ ಸಾಯುತ್ತದೆ. ಅದರ ಸುತ್ತಲಿನ ಭಾಗ ಕಂಗೆಟ್ಟು ಸುಮ್ಮನಾಗುತ್ತದೆ. ಊತ ಇಳಿದು, ಅಕ್ಕಪಕ್ಕದ ಸಣ್ಣ ನಾಳಗಳಿಂದ ರಕ್ತ ಹರಿದು ಬಂದರೆ ಹೀಗೆ ಸುಮ್ಮನಾದವುಗಳಲ್ಲಿ ಕೆಲವು ಮತ್ತೆ ಎಚ್ಚರಗೊಳ್ಳುತ್ತವೆ. ಮೊದಲ ವಾರಗಳಲ್ಲಿ ಕಾಣುವ ಚೇತರಿಕೆಗೆ ಇದು ಒಂದು ಕಾರಣ. ಎರಡನೆಯ ಕಾರಣ ಇನ್ನೂ ಅದ್ಭುತವಾದುದು. ಮೆದುಳು ತನ್ನ ಕೆಲಸವನ್ನು ಹೊಸದಾಗಿ ಹಂಚಿಕೊಳ್ಳುತ್ತದೆ. ಅದುವರೆಗೆ ಬಳಕೆಯಿಲ್ಲದೆ ಮಲಗಿದ್ದ ಸಂಪರ್ಕಗಳು ತೆರೆಯುತ್ತವೆ. ಉಳಿದ ನರಕೋಶಗಳು ಹೊಸ ಕವಲುಗಳನ್ನು ಚಾಚುತ್ತವೆ. ಸತ್ತ ಭಾಗದ ನೆರೆಹೊರೆಯೂ ಕೆಲವೊಮ್ಮೆ ಎದುರಿನ ಗೋಳವೂ ಕೈಕಾಲಿನ ಹೊಣೆಯಲ್ಲಿ ಒಂದು ಪಾಲನ್ನು ಹೊರುತ್ತವೆ. ಮಳೆಗಾಲದ ನೆರೆಯಲ್ಲಿ ಊರಿನ ಗಾಡಿದಾರಿ ಕೊಚ್ಚಿಹೋಯಿತೆನ್ನೋಣ. ಜನರು ತೋಟದ ಬದುವಿನ ಮೇಲೆ ಒಬ್ಬೊಬ್ಬರಾಗಿ ದಾಟತೊಡಗುತ್ತಾರೆ. ಮೊದಲ ದಿನ ಅಲ್ಲಿ ದಾರಿಯೇ ಇರುವುದಿಲ್ಲ. ಒಬ್ಬರ ಹಿಂದೆ ಒಬ್ಬರು ತುಳಿದು ತುಳಿದು ಕಾಲುದಾರಿ ಮೂಡುತ್ತದೆ. ಅದು ಹಳೆಯ ಗಾಡಿದಾರಿಯಷ್ಟು ಅಗಲವಾಗದಿರಬಹುದು; ಆದರೆ ಊರು ಸೇರಿಸುತ್ತದೆ. ತುಳಿಯುವುದನ್ನು ಬಿಟ್ಟರೆ ಮಾತ್ರ ಹುಲ್ಲು ಬೆಳೆದು ಅದೂ ಮುಚ್ಚಿಹೋಗುತ್ತದೆ.

ಈ ತಿಳಿವಳಿಕೆ ಒಂದು ದಿನದಲ್ಲಿ ದೊರೆತದ್ದಲ್ಲ. ಪಾಶ್ಚರನ ಗ್ರಂಥ ಹೊರಬಂದ 1870ರಲ್ಲಿಯೇ ಜರ್ಮನಿಯ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ವೈದ್ಯರು, ನಾಯಿಯ ಮೆದುಳಿನ ಮೇಲ್ಪದರವನ್ನು ವಿದ್ಯುತ್ತಿನಿಂದ ತಾಕಿದರೆ ಎದುರು ಪಕ್ಕದ ಕಾಲು ಅಲುಗುವುದೆಂದು ತೋರಿಸಿದರು. ಚಲನೆಗೆ ಮೆದುಳಿನಲ್ಲಿ ನೆಲೆಯುಂಟೆಂಬುದು ಸ್ಥಿರಪಟ್ಟಿತು. ಆದರೆ ಆ ನೆಲೆ ಕಲ್ಲಿನಲ್ಲಿ ಕೊರೆದ ಗೆರೆಯೆಂದು ಹಲವರು ಭಾವಿಸಿದರು. 1917ರಲ್ಲಿ ಲೇಟನ್ ಮತ್ತು ಶೆರಿಂಗ್ಟನ್ ಎಂಬ ವಿಜ್ಞಾನಿಗಳು ವಾನರಗಳ ಮೆದುಳಿನಲ್ಲಿ ಕೈಯ ನೆಲೆಯನ್ನು ತೆಗೆದುಹಾಕಿದ ಮೇಲೂ ಕೆಲವು ವಾರಗಳಲ್ಲಿ ಕೈಯ ಬಳಕೆ ಬಹುಮಟ್ಟಿಗೆ ಮರಳುವುದನ್ನು ವರದಿ ಮಾಡಿದರು. 1996ರಲ್ಲಿ ಅಮೆರಿಕದ ನ್ಯೂಡೊ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಮೆದುಳಿಗೆ ಪೆಟ್ಟಾದ ಕೋತಿಗಳಿಗೆ ಸಣ್ಣ ಗುಳಿಗಳಿಂದ ಆಹಾರವನ್ನು ಬೆರಳಿನಿಂದ ಹೆಕ್ಕುವ ಅಭ್ಯಾಸ ಮಾಡಿಸಿದಾಗ, ಉಳಿದ ಮೆದುಳಿನಲ್ಲಿ ಕೈಯ ನೆಲೆ ಕುಗ್ಗದೆ ಉಳಿಯಿತು. ಕೆಲವೆಡೆ ನೆರೆಯ ಭಾಗಕ್ಕೂ ಹಬ್ಬಿತು. ಅಭ್ಯಾಸ ಮಾಡಿಸದ ಕೋತಿಗಳಲ್ಲಿ ಪೆಟ್ಟಾಗದೆ ಉಳಿದಿದ್ದ ನೆಲೆಯೂ ಕುಗ್ಗಿಹೋಯಿತು. ಬಳಸಿದ್ದು ಬೆಳೆಯುತ್ತದೆ, ಬಳಸದ್ದು ಅಳಿಯುತ್ತದೆ ಎಂಬುದು ಇದರ ಸಾರ.

ಬಳಸದಿರುವುದೂ ಒಂದು ಬಗೆಯ ಪಾಠವೇ. ಸೋತ ಕೈಯಿಂದ ಲೋಟ ಎತ್ತಲು ಹೋಗಿ ನಾಲ್ಕು ಬಾರಿ ಬೀಳಿಸಿದವನು ಐದನೆಯ ಬಾರಿ ಒಳ್ಳೆಯ ಕೈಯನ್ನೇ ಚಾಚುತ್ತಾನೆ. ಹೀಗೆ ದಿನಗಳೆದಂತೆ ಸೋತ ಕೈ ಕೆಲಸವನ್ನು ಮರೆಯುತ್ತದೆ. ಇದನ್ನು ಗುರುತಿಸಿದ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ, ಒಳ್ಳೆಯ ಕೈಯನ್ನು ಚೀಲದಲ್ಲಿ ಕಟ್ಟಿಟ್ಟು ಸೋತ ಕೈಯಿಂದಲೇ ದಿನವೂ ಗಂಟೆಗಟ್ಟಲೆ ದುಡಿಸುವ ಚಿಕಿತ್ಸೆಯನ್ನು ರೂಪಿಸಿದನು. ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದಿರುವವರಿಗೆ ಇದರಿಂದ ಪ್ರಯೋಜನವಾಗುವುದೆಂದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ನಿಧಾನ. ಆದರೆ ನಿಧಾನವೆಂದರೆ ನಿಂತಿತೆಂದಲ್ಲ. ಅಟ್ಟದ ಮೇಲಿಟ್ಟ ತೆಂಗಿನಕಾಯಿ ತಿಂಗಳುಗಟ್ಟಲೆ ಹೊರಗೆ ಹಾಗೆಯೇ ಕಾಣುತ್ತದೆ; ಒಳಗೆ ನೀರು ಇಂಗುತ್ತ, ತಿರುಳು ಕಂಟವನ್ನು ಬಿಡುತ್ತ ಬರುತ್ತದೆ. ವರ್ಷದ ಹೊತ್ತಿಗೆ ಅಲುಗಿಸಿದರೆ ಒಳಗಿನ ಕೊಬ್ಬರಿ ಸದ್ದು ಮಾಡುತ್ತದೆ. ಮೆದುಳಿನ ಕೆಲಸವೂ ಹೀಗೆಯೇ ಕಣ್ಣಿಗೆ ಕಾಣದಂತೆ ನಡೆಯುತ್ತಿರುತ್ತದೆ.

ಪಾಶ್ಚರನಿಗೆ ಈ ಶಾಸ್ತ್ರವೊಂದೂ ಗೊತ್ತಿರಲಿಲ್ಲ. ಹುಳುಮನೆಗೆ ಹೋಗಬೇಕೆಂಬ ಹಂಬಲದಿಂದ ಆತನು ನಡೆದನು; ನಡೆದುದರಿಂದ ನಡಿಗೆ ಬಂದಿತು. ಆದರೆ ಸತ್ಯವನ್ನು ಮರೆಮಾಚಬಾರದು. ಎಲ್ಲವೂ ಮರಳಿ ಬರಲಿಲ್ಲ. ಎಡಗಾಲು ಕೊನೆಯವರೆಗೂ ಎಳೆಯುತ್ತಲೇ ಇತ್ತು. ಎಡಗೈ ಬಿಗಿದುಕೊಂಡೇ ಉಳಿಯಿತು. ಬೆರಳುಗಳು ಸೂಕ್ಷ್ಮವಾದ ಕೆಲಸಕ್ಕೆ ಒದಗಲಿಲ್ಲ. ದೊಡ್ಡ ಸ್ನಾಯುಗಳ ಒರಟು ಚಲನೆ ಬೇಗ ಮರಳುತ್ತದೆ. ಬೆರಳುಗಳ ನವಿರಾದ ಚಲನೆಗೆ ಮೆದುಳಿನಲ್ಲಿ ವಿಶಾಲವಾದ ನೆಲೆ ಬೇಕಾದ್ದರಿಂದ ಅದು ಎಲ್ಲಕ್ಕಿಂತ ಕಷ್ಟದಿಂದ ಮರಳುತ್ತದೆ. ಒಂದು ಕಾಲಕ್ಕೆ ಹರಳುಗಳನ್ನು ಎಡ ಬಲವೆಂದು ಹೆಕ್ಕಿ ಬೇರ್ಪಡಿಸಿದವನಿಗೆ ಈಗ ಗಾಜಿನ ನಳಿಗೆಯೊಂದನ್ನು ಎರಡು ಕೈಯಿಂದ ಹಿಡಿಯುವುದೂ ಕಷ್ಟವಾಯಿತು.

ಆತನು ಅದಕ್ಕಾಗಿ ಪ್ರಯೋಗಾಲಯವನ್ನು ಬಿಡಲಿಲ್ಲ. ತನ್ನ ಕೈ ಮಾಡಲಾರದ್ದನ್ನು ಇತರರ ಕೈಯಿಂದ ಮಾಡಿಸಿದನು. ರೂ, ಶಾಂಬೆರ್ಲಾನ್ ಮೊದಲಾದ ತರುಣರು ಆತನ ಎಡಗೈಯಾದರು. ಆತನ ಕಣ್ಣು ನೋಡುತ್ತಿತ್ತು, ಬುದ್ಧಿ ಯೋಚಿಸುತ್ತಿತ್ತು, ಬಲಗೈ ಟಿಪ್ಪಣಿ ಬರೆಯುತ್ತಿತ್ತು. 1879ರಲ್ಲಿ ಕೋಳಿಗಳ ಕಾಲರಾ ರೋಗವನ್ನು ಅಭ್ಯಾಸ ಮಾಡುವಾಗ, ಸತ್ವಗುಂದಿದ ರೋಗಾಣುಗಳು ರೋಗವನ್ನು ತಾರದೆ ರಕ್ಷಣೆಯನ್ನು ಕೊಡುತ್ತವೆಂಬುದು ಗೊತ್ತಾಯಿತು. 1881ರಲ್ಲಿ ಪುಯಿ ಲ ಫೋರ್ ಎಂಬ ಹಳ್ಳಿಯಲ್ಲಿ ಜನಸಮೂಹದ ಎದುರಿಗೆ ಅಂತ್ರಾಕ್ಸ್ ರೋಗದ ಲಸಿಕೆಯ ಪರೀಕ್ಷೆ ನಡೆಯಿತು. ಲಸಿಕೆ ಹಾಕದ ಕುರಿಗಳು ಸತ್ತುಬಿದ್ದವು. ಲಸಿಕೆ ಹಾಕಿದವು ಮೇಯುತ್ತಿದ್ದವು. 1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ತಾಯಿ ಕರೆತಂದಳು. ಪಾಶ್ಚರನು ವೈದ್ಯನಲ್ಲದ ಕಾರಣ ಡಾಕ್ಟರ್ ಗ್ರಾಂಶೆ ಸೂಜಿ ಹಿಡಿದನು. ಹತ್ತು ಹನ್ನೊಂದು ದಿನಗಳಲ್ಲಿ ಹದಿಮೂರು ಚುಚ್ಚುಮದ್ದು. ಬಾಲಕ ಬದುಕಿದನು. ಲೋಕದ ನಾನಾ ಕಡೆಯ ಜನರು ಕೊಟ್ಟ ಹಣದಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಎದ್ದು ನಿಂತಿತು. 1888ರ ನವೆಂಬರ್ 14ರಂದು ಅದರ ಪ್ರಾರಂಭೋತ್ಸವವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಒಂದು ಸಣ್ಣ ಪ್ರಯೋಗಾಲಯದ ಗೋಡೆಯೂ ಬೇಡವೆಂದು ಯಾರನ್ನು ಕುರಿತು ತೀರ್ಮಾನವಾಗಿತ್ತೋ, ಆತನ ಹೆಸರಿನಲ್ಲಿಯೇ ಈ ಭವನ ತಲೆಯೆತ್ತಿತು.

ಅದಕ್ಕೆ ಮೊದಲೇ, 1887ರಲ್ಲಿ, ರೋಗವು ಮತ್ತೆ ಬಡಿದಿತ್ತು. ಈ ಸಲ ಆತನ ಮಾತು ಕುಗ್ಗಿತು. ಪ್ರಾರಂಭೋತ್ಸವದ ದಿನ ಆತನ ಭಾಷಣವನ್ನು ಮಗನು ಓದಬೇಕಾಯಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರನು ಕೊನೆಯುಸಿರೆಳೆದನು. ಮೊದಲ ಪೆಟ್ಟಿನ ಮೇಲೆ ಆತನು ಇಪ್ಪತ್ತೇಳು ವರ್ಷ ಬದುಕಿದ್ದನು.

ಆ ಇಪ್ಪತ್ತೇಳು ವರ್ಷಗಳ ಫಲ ನಮ್ಮ ನಾಡಿಗೂ ಸಂದಿದೆ. ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಪರೀಕ್ಷಿಸುವ ಪದ್ಧತಿ ಆತನದೇ. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆತನ ಹೆಸರಿನ ಸಂಸ್ಥೆ ಆರಂಭವಾಗಿ ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆಯನ್ನು ಕೊಡತೊಡಗಿತು. ಆತನ ಬಾಳಿನಂಥ ಬಾಳನ್ನೂ ಕನ್ನಡ ನಾಡು ಕಂಡಿದೆ. ಕಾದಂಬರಿಕಾರ ನಿರಂಜನರು 1970ರ ದಶಕದಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಆ ಬಳಿಕವೇ ಅವರು ‘ಮೃತ್ಯುಂಜಯ’ ಎಂಬ ಹಿರಿಯ ಕಾದಂಬರಿಯನ್ನು ಹೊರತಂದರು. ಲೋಕದ ಕಥೆಗಳನ್ನು ಕನ್ನಡಕ್ಕೆ ತರುವ ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿದರು.

ಪಾಶ್ಚರನಿಗೆ ದೊರೆಯದ ನೆರವು ಇಂದು ನಮಗೆ ದೊರೆಯುವಂತಿದೆ. ಮುಖ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಕೈ ಕುಸಿದರೆ, ಮಾತು ತೊದಲಿದರೆ ಅರೆಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಸಾಗಬೇಕು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಪಾಶ್ಚರನು ಬೆಳಗಿನ ಜುಮುಗುಟ್ಟುವಿಕೆಯನ್ನು ಲೆಕ್ಕಿಸದೆ ಸಭೆಗೆ ಹೋದನು. ನಾವು ಹಾಗೆ ಮಾಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಸೋತ ಅಂಗಗಳಿಗೆ ಅಭ್ಯಾಸ ಕೊಡುವ ವಿಭಾಗಗಳಿವೆ. ಆದರೆ ಆಸ್ಪತ್ರೆಯ ದಿನಗಳು ಕೆಲವೇ. ಮನೆಯ ದಿನಗಳು ಅನೇಕ. ಅಜ್ಜನ ಸೋತ ಕೈಗೆ ದಿನವೂ ಒಂದು ಬಟ್ಟಲನ್ನು ಕೊಟ್ಟು ಎತ್ತಿಸುವುದು, ಹೆಗಲು ಕೊಟ್ಟು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವುದು, ಬಿದ್ದಾನೆಂದು ಹೆದರಿ ಕಟ್ಟಿಹಾಕದೆ ಬೀಳದಂತೆ ಜೊತೆಗಿರುವುದು, ಇವು ಶಾಲೆಯ ಹುಡುಗರೂ ಹುಡುಗಿಯರೂ ಮಾಡಬಹುದಾದ ಕೆಲಸಗಳು. ತೋಟದ ಲೆಕ್ಕವನ್ನು ಆತನ ಮುಂದೆ ಓದಿ ಹೇಳುವುದೂ ಚಿಕಿತ್ಸೆಯ ಒಂದು ಭಾಗವೇ. ಪೂರ್ತಿಯಾಗಿ ಮರಳುವುದೆಂದು ಯಾರೂ ಮಾತು ಕೊಡಲಾರರು. ಪಾಶ್ಚರನ ಎಡಗೈಯೇ ಪೂರ್ತಿಯಾಗಿ ಮರಳಲಿಲ್ಲ. ಆದರೆ ಉಳಿದ ಮೆದುಳು ಕಲಿಯುತ್ತಿರುವಾಗ, ಹೊರಗಿನವರು ಕಟ್ಟಡದ ಕೆಲಸವನ್ನು ನಿಲ್ಲಿಸಬಾರದು.